ಅಹವಾಲು ತಂದವರು

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಗೇಮ್ ಆಫ್ ಥ್ರೋನ್ಸ್’ ಕಾದಂಬರಿ ಪ್ರಕಟವಾದದ್ದು 1996ರಲ್ಲಿ. ಅದನ್ನು ಆಧರಿಸಿದ ಟಿವಿ ಧಾರಾವಾಹಿ 2011ರಿಂದ 2019ರವರೆಗೆ ನಡೆಯಿತು. ಅಷ್ಟೂ ವರ್ಷ ನೋಡುಗರು ಕೇಳುತ್ತಿದ್ದದ್ದು, ಕಬ್ಬಿಣದ ಸಿಂಹಾಸನ ಕೊನೆಗೆ ಯಾರ ಪಾಲಾಗುತ್ತದೆ ಎಂದು. ಕಲ್ಪನಾಲೋಕದ ಕಥೆಗಳಿಗೆ ಮೀಸಲಾದ ಈ ಸಂಚಿಕೆಯಲ್ಲಿ, ಆ ಸಿಂಹಾಸನದ ಎದುರು ಮಂಡಿಯೂರಿ ಕೂತ ಕೆಲವು ಹಳ್ಳಿಗರ ಬಗ್ಗೆ ಹೇಳಬೇಕೆನಿಸಿದೆ.

ರಾಜ ರಾಬರ್ಟ್ ಬೇಟೆಗೆ ಹೋಗಿದ್ದಾನೆ. ಅವನ ಪರವಾಗಿ ಮಂತ್ರಿ ನೆಡ್ ಸ್ಟಾರ್ಕ್ ಒಡ್ಡೋಲಗ ನಡೆಸುತ್ತಿದ್ದಾನೆ. ನದಿಸೀಮೆಯ ಹಳ್ಳಿಯವರು ಬಂದು, ತಮ್ಮ ಊರು ಸುಟ್ಟುಹೋಯಿತು, ತಮ್ಮವರು ಸತ್ತರು ಎಂದು ಗೋಳಿಡುತ್ತಾರೆ. ದಾಳಿಗೆ ಬಂದವರ ಕೈಯಲ್ಲಿ ಬಾವುಟವಿರಲಿಲ್ಲ. ಆದರೂ ಆ ದೈತ್ಯದೇಹದ ಮುಂದಾಳು ಗ್ರೆಗರ್ ಕ್ಲೆಗೇನ್ ಎಂಬುದು ಕೇಳಿದವರಿಗೆಲ್ಲ ಹೊಳೆಯುತ್ತದೆ. ಅವನ ಒಡೆಯ ಟೈವಿನ್ ಲ್ಯಾನಿಸ್ಟರ್. ಟೈವಿನ್ ಎಂದರೆ ರಾಣಿಯ ತಂದೆ. ರಾಜಬೊಕ್ಕಸದ ಅರವತ್ತು ಲಕ್ಷ ಚಿನ್ನದ ನಾಣ್ಯಗಳ ಸಾಲದಲ್ಲಿ ಅರ್ಧದಷ್ಟನ್ನು ಕೊಟ್ಟವನು.

ನೆಡ್ ಹಿಂಜರಿಯುವುದಿಲ್ಲ. ಗ್ರೆಗರನಿಗೆ ಮರಣದಂಡನೆ ವಿಧಿಸಿ, ಅದನ್ನು ಜಾರಿಮಾಡಲು ಬೆರಿಕ್ ಡಾಂಡೇರಿಯನ್ ಎಂಬ ಯುವ ಸಾಮಂತನನ್ನು ದಂಡಿನೊಂದಿಗೆ ಕಳಿಸುತ್ತಾನೆ. ಅಷ್ಟರಲ್ಲಿ ರಾಜ ಹಂದಿಯ ಕೋರೆಗೆ ಸಿಕ್ಕಿ ಸಾಯುತ್ತಾನೆ, ನೆಡ್‌ನ ತಲೆ ಉರುಳುತ್ತದೆ. ರಾಜಾಜ್ಞೆ ಹೊತ್ತು ಹೋದ ಬೆರಿಕ್‌ನ ದಂಡನ್ನೇ ಹೊಸ ರಾಜನ ಕಡೆಯವರು ದರೋಡೆಕೋರರೆಂದು ಬೇಟೆಯಾಡತೊಡಗುತ್ತಾರೆ. ಆಮೇಲೆ ಐವರು ರಾಜರು, ಒಬ್ಬೊಬ್ಬರಿಗೂ ಒಂದೊಂದು ಕಿರೀಟ.

ಮಾರ್ಟಿನ್ ಅವರ ದೊಡ್ಡತನ ನನಗೆ ಕಾಣುವುದು ಇಲ್ಲಿಯೇ. ಕೆಟ್ಟವರ ಆಸೆಯೊಂದರಿಂದಲೇ ಶಾಂತಿ ಕದಡಿತು ಎಂದು ಅವರು ಬರೆಯಲಿಲ್ಲ. ಆ ಶಾಂತಿಗೆ ಆಧಾರವಾಗಿದ್ದದ್ದು ಕೆಲವು ಮದುವೆಗಳು, ಒಂದು ಗೆಳೆತನ, ಥಿಯಾನ್ ಗ್ರೇಜಾಯ್‌ನಂಥ ಒತ್ತೆಯಾಳುಗಳು, ತೀರದ ಸಾಲ. ಸಾಮಂತರ ಮೇಲೆ ಹೂಡಲು ರಾಜನಿಗೆ ತನ್ನದೆನ್ನುವ ಸೈನ್ಯವೇ ಇಲ್ಲ. ಒಬ್ಬ ಸಾಮಂತನನ್ನು ಬಗ್ಗಿಸಲು ಇನ್ನೊಬ್ಬ ಸಾಮಂತನ ಆಳುಗಳೇ ಬೇಕು.

ಇಂಗ್ಲೆಂಡಿನ ಸಿಂಹಾಸನಕ್ಕಾಗಿ ನಡೆದ ಗುಲಾಬಿ ಕದನಗಳಿಂದ ಕಥೆಗೆ ಪ್ರೇರಣೆ ದೊರೆಯಿತೆಂದು ಅವರೇ ಹೇಳಿದ್ದಾರೆ. 1453ರಲ್ಲಿ ದೊರೆ ಆರನೆಯ ಹೆನ್ರಿ ಬುದ್ಧಿ ಮಂಕಾಗಿ, ಮಾತೇ ಇಲ್ಲದೆ ಕೂತುಬಿಟ್ಟ. ಎರಡು ವರ್ಷ ಕಳೆಯುವುದರೊಳಗೆ ಸೇಂಟ್ ಆಲ್ಬನ್ಸ್ ಪಟ್ಟಣದ ಬೀದಿಗಳಲ್ಲಿ ಸರದಾರರು ಒಬ್ಬರನ್ನೊಬ್ಬರು ಕಡಿದರು. ಆ ಕಾಲದ ಪ್ಯಾಸ್ಟನ್ ಮನೆತನದ ಕಾಗದಗಳು ಇಂದಿಗೂ ಉಳಿದಿವೆ. ಅವರು ನಾರ್ಫಕ್ ಸೀಮೆಯ ಜಮೀನುದಾರರು. ಕೇಸ್ಟರ್ ಕೋಟೆ ತಮಗೆ ಬರಬೇಕಾದದ್ದೆಂದು ಅವರು ಕಾನೂನಿನ ದಾರಿಯಲ್ಲಿ ಹೆಣಗುತ್ತಿದ್ದಾಗ, 1469ರಲ್ಲಿ ನಾರ್ಫಕ್‌ನ ಡ್ಯೂಕ್ ದಂಡು ತಂದು ಮುತ್ತಿಗೆ ಹಾಕಿ ಅದನ್ನು ಕಿತ್ತುಕೊಂಡ. ಅದು ಅವರ ಕೈಗೆ ಮರಳಿದ್ದು 1476ರಲ್ಲಿ, ಆ ಡ್ಯೂಕ್ ಸತ್ತ ಮೇಲೆ. ಉಳ್ಳವರಾದ ಪ್ಯಾಸ್ಟನ್ನರ ಪಾಡೇ ಇದು. ಅವರ ಹೊಲಗಳಲ್ಲಿ ದುಡಿದವರು ಕಾಗದ ಬರೆದಿಡಲಿಲ್ಲ.

ಹಾಗೆ ಬರೆದಿಡದವರ ಕಥೆಯನ್ನು ಮಾರ್ಟಿನ್ 2005ರ ‘ಎ ಫೀಸ್ಟ್ ಫಾರ್ ಕ್ರೋಸ್’ನಲ್ಲಿ ಕೈಗೆತ್ತಿಕೊಂಡರು. ಆ ಸಂಪುಟ ನಿಧಾನವಾಯಿತೆಂದು ಬೇಸರಪಟ್ಟವರು ಅನೇಕರು. ನನಗೆ ಈ ಸರಣಿಯ ಐದು ಸಂಪುಟಗಳಲ್ಲೂ ಅದೇ ಹೆಚ್ಚು ಪ್ರಿಯ. ಅದರಲ್ಲಿ ಬ್ರಿಯೆನ್ ಎಂಬ ಯೋಧೆ ಸುಟ್ಟ ಊರುಗಳ ನಡುವೆ ಅಲೆಯುತ್ತಾಳೆ. ಜೊತೆಯಲ್ಲಿ ಮೆರಿಬಾಲ್ಡ್ ಎಂಬ ಬರಿಗಾಲ ಪುರೋಹಿತ. ಒಡೆಯ ಕರೆದನೆಂದು ಅಣ್ಣತಮ್ಮಂದಿರೊಡನೆ ಕುಡುಗೋಲು ಹಿಡಿದು ಹೊರಟ ರೈತಹುಡುಗ, ಒಬ್ಬೊಬ್ಬರನ್ನೇ ಕಳೆದುಕೊಂಡು ಕೊನೆಗೆ ಕಾಡುಗಳ್ಳನಾಗುವ ಬಗೆಯನ್ನು ಅವನು ದಾರಿಯಲ್ಲಿ ವಿವರಿಸುತ್ತಾನೆ. ಅದೇ ದಾರಿಗಳಲ್ಲಿ ಬಡವರು, ಕೊಲೆಯಾದ ಪುರೋಹಿತರ ಮೂಳೆಗಳನ್ನು ಹೊತ್ತು ರಾಜಧಾನಿಗೆ ನಡೆಯುತ್ತಾರೆ. ಈ ಸಲ ಅವರು ಮಂಡಿಯೂರುವುದಿಲ್ಲ. ಧರ್ಮಪೀಠದಲ್ಲಿ ತಮ್ಮವನನ್ನೇ ಕೂರಿಸುತ್ತಾರೆ. ರಾಣಿ ಸರ್ಸೆ, ಪೀಠಕ್ಕೆ ಕೊಡಬೇಕಾದ ಒಂಬತ್ತು ಲಕ್ಷ ನಾಣ್ಯಗಳ ಸಾಲ ಮನ್ನಾ ಆಗುವುದಾದರೆ ಸಾಕೆಂದು, ಅವರು ಮತ್ತೆ ಆಯುಧ ಹಿಡಿಯಲು ಒಪ್ಪಿಗೆ ಕೊಡುತ್ತಾಳೆ. ಆ ಸಂಪುಟ ಮುಗಿಯುವ ಮೊದಲೇ ಅವಳನ್ನು ಸೆರೆಯಲ್ಲಿಡುವವರು ಅವರೇ.