ಕೊಂಡಿಗಳಿಗೊಂದು ಖಾತೆ ಬೇಡವೆ?

ನಮ್ಮ ಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಕ್ಕೆ ಹತ್ತಾದರೂ ಕೊಂಡಿಗಳು ಬಂದು ಬೀಳುತ್ತವೆ. ಕವಿತೆ ಓದಿದ ವಿಡಿಯೋ, ಹಳೇ ಪುಸ್ತಕದ ಸ್ಕ್ಯಾನು, ವಿದ್ಯಾರ್ಥಿವೇತನದ ಅರ್ಜಿ, ನಡುವೆ ನಾಲ್ಕು ‘ಶುಭೋದಯ’. ನೋಡಿ ಹೆಬ್ಬೆರಳು ಎತ್ತುತ್ತೇವೆ, ಸಂಜೆಯೊಳಗೆ ಮರೀತೇವೆ. ಇದಕ್ಕೆ ಹಂಚಿಕೊಳ್ಳುವುದು ಅಂತ ಹೆಸರು. ನನಗೇನೋ ಒಪ್ಪಿಗೆಯಿಲ್ಲ.

ನಾನು ಹತ್ತನೆಯವರೆಗೆ ಇಲ್ಲೇ ಮುಂಬಯಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತವನು. ಹನ್ನೊಂದನೆಯಲ್ಲಿ ಕಾಮರ್ಸ್ ಸೇರಿದಾಗ ‘ಡಿಪ್ರಿಸಿಯೇಶನ್’ ಅಂದರೇನು ಅಂತ ತಿಳಿಯದೆ ಮಂಕಾಗಿ ಕೂತಿದ್ದೆ. ಸೀನಿಯರ್ ಅಕ್ಕ ಒಬ್ಬರು ಕರ್ನಾಟಕದ ಪಿಯುಸಿ ಲೆಕ್ಕಶಾಸ್ತ್ರದ ಕನ್ನಡ ಟಿಪ್ಪಣಿಯ ಕೊಂಡಿ ಕಳಿಸಿದರು. ಅದರಲ್ಲಿ ‘ಸವಕಳಿ’ ಅಂತ ಓದಿದ್ದೇ ತಡ, ಊರಿನ ಅಜ್ಜಿಯ ರುಬ್ಬುವ ಕಲ್ಲು ಕಣ್ಣ ಮುಂದೆ ಬಂತು. ಇಷ್ಟೇನಾ ಅನ್ನಿಸಿತು!

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಹುಡುಕಿದರೆ ಕೊಂಡಿ ಇಲ್ಲ. ಮೊಬೈಲು ಬದಲಾಗಿತ್ತು, ಅಕ್ಕನಿಗೂ ನೆನಪಿಲ್ಲ. ಅಂಕಗಳ ಮಾತು ಇಲ್ಲಿ ಬೇಡ. ಈ ವರ್ಷ ಕನ್ನಡ ಶಾಲೆಯಿಂದಲೇ ಬಂದ ಹುಡುಗಿಯೊಬ್ಬಳು, “ಅಣ್ಣಾ, ಅಕೌಂಟ್ಸಿಗೆ ಕನ್ನಡದಲ್ಲಿ ಏನಾದ್ರೂ ಇದೆಯಾ?” ಅಂತ ಕೇಳಿದಳು. ಇದೆ ಅಂದೆ. ಎಲ್ಲಿ ಅಂತ ಹೇಳಲು ಆಗಲಿಲ್ಲ.

ಗೂಗಲ್‌ನಲ್ಲಿ ಹುಡುಕಿದರೆ ಸಿಗೋದಿಲ್ವೆ ಅನ್ನಬಹುದು. ಇಂಗ್ಲಿಷ್ ಶಬ್ದ ಕೊಟ್ಟರೆ ಇಂಗ್ಲಿಷ್ ರಾಶಿ ಬೀಳುತ್ತದೆ. ‘ಸವಕಳಿ’ ಅಂತ ಹೊಡೆದರೆ ಮಣ್ಣಿನ ಸವಕಳಿ, ಹೊಲಕ್ಕೆ ಬದು ಹಾಕುವ ವಿಧಾನ! ಎರಡೂ ಶಬ್ದ ಬಲ್ಲ ಒಬ್ಬರು ಮೊದಲೇ ಗುರುತು ಮಾಡಿಟ್ಟಿರಬೇಕು.

ನಮ್ಮ ಕಾಮರ್ಸಿನ ಮಾತಿನಲ್ಲಿ, ವಾಟ್ಸ್‌ಆ್ಯಪ್ ಬರೀ ರೋಜು ಕಿರ್ದಿ. ಬಂದದ್ದು ಬಂದ ಹಾಗೆ, ತಾರೀಕಿನ ಪ್ರಕಾರ. ಅದನ್ನು ಖಾತೆಗೆ ಏರಿಸದಿದ್ದರೆ ಯಾರ ಬಾಕಿ ಎಷ್ಟು ಅಂತ ಯಾವ ಸೇಠನಿಗೂ ಗೊತ್ತಾಗದು. ಕೊಂಡಿಗಳ ಖಾತೆಪುಸ್ತಕ ಹೊಸ ಸಂಗತಿಯೇನಲ್ಲ. 2003ರಲ್ಲಿಯೇ ಅಮೆರಿಕದ ಜೋಶುವಾ ಶಾಕ್ಟರ್ ‘ಡೆಲಿಶಿಯಸ್’ ತಾಣ ತೆರೆದರು. ಕೊಂಡಿಯನ್ನು ನಮ್ಮ ಬ್ರೌಸರಿನೊಳಗೆ ಬಚ್ಚಿಡದೆ ಎಲ್ಲರಿಗೂ ಕಾಣುವಂತೆ ಅಲ್ಲಿ ಇಡುವುದು, ಅದಕ್ಕೆ ತೋಚಿದ ಹೆಸರಿನ ಚೀಟಿ, ಅಂದರೆ ಟ್ಯಾಗ್, ಅಂಟಿಸುವುದು. ಪುಸ್ತಕವಾದರೆ ಕಪಾಟಿನ ಒಂದೇ ಸಾಲಿನಲ್ಲಿರಬೇಕು. ಕೊಂಡಿಗೆ ಹಾಗಿಲ್ಲ, ‘ಲೆಕ್ಕಶಾಸ್ತ್ರ’, ‘ಸವಕಳಿ’, ‘ಡಿಪ್ರಿಸಿಯೇಶನ್’ ಮೂರನ್ನೂ ಅಂಟಿಸಬಹುದು. ಮುಖ ಪರಿಚಯವಿಲ್ಲದ ಯಾರೋ ಅದೇ ಚೀಟಿ ಹಚ್ಚಿದ್ದರೆ ಅವರ ಗಂಟೂ ನಮ್ಮೆದುರು ಬಿಚ್ಚಿಕೊಳ್ಳುತ್ತದೆ.

ಆ ಡೆಲಿಶಿಯಸ್ ಈಗೆಲ್ಲಿ ಅಂತ ಕೇಳುವವರೂ ಇದ್ದಾರೆ. ಕೇಳತಕ್ಕದ್ದೇ. 2005ರಲ್ಲಿ ಯಾಹೂ ಕೊಂಡಿತು, 2011ರಲ್ಲಿ ಮಾರಿತು. 2017ರಲ್ಲಿ ಪಿನ್‌ಬೋರ್ಡ್ ಕೊಂಡು, ಹೊಸದಾಗಿ ಸೇರಿಸುವುದನ್ನು ನಿಲ್ಲಿಸಿತು. ಗೂಗಲ್ ಬುಕ್‌ಮಾರ್ಕ್ಸ್ 2021ರಲ್ಲಿ, ಮೊಜಿಲ್ಲಾದ ಪಾಕೆಟ್ 2025ರ ಜುಲೈಯಲ್ಲಿ ಬಾಗಿಲು ಹಾಕಿದವು. ಬೀಗ ಬೀಳುವ ಅಂಗಡಿಯಲ್ಲಿ ಸಾಮಾನು ಇಡುವುದೇಕೆ? ಇಡೋಣ, ಆದರೆ ನಕಲು ಕೈಯಲ್ಲಿರಲಿ. ಈಗಿನ ರೇನ್‌ಡ್ರಾಪ್‌ನಲ್ಲಿ ಹಲವರು ಸೇರಿ ಒಂದು ಸಂಗ್ರಹ ಬೆಳೆಸಬಹುದು, ಎಲ್ಲವನ್ನೂ ಒಂದು ಫೈಲಾಗಿ ಇಳಿಸಿಕೊಳ್ಳಲೂಬಹುದು. ತಿಂಗಳಿಗೊಮ್ಮೆ ಅಷ್ಟು ಮಾಡಲು ಒಬ್ಬರು ಸಾಕು.

ನಿಜವಾದ ತೊಡಕು ಚೀಟಿಗಳದು. ಒಬ್ಬ ‘ಕವನ’ ಅಂತಾನೆ, ಇನ್ನೊಬ್ಬಳು ‘ಕವಿತೆ’, ನಮ್ಮ ಕಾರ್ಯದರ್ಶಿಗಳು ‘ಕಾವ್ಯ’. ಮೂರು ಬೇರೆ ಗುಡ್ಡೆಯಾಗುತ್ತವೆ. ಇಪ್ಪತ್ತು ಶಬ್ದಗಳನ್ನಾದರೂ ಒಟ್ಟಿಗೆ ಕೂತು ನಿಶ್ಚಯಿಸಬೇಕು, ಚಹಾ ನನ್ನದು.

ಕಳೆದ ಭಾನುವಾರ ನಾನೇ ಒಂದು ಸಂಗ್ರಹ ಶುರು ಮಾಡಿದ್ದೇನೆ. 31 ಕೊಂಡಿಗಳಾಗಿವೆ. ವಿ. ಕೃಷ್ಣ ಅವರ ‘ಅಲರ್’ ನಿಘಂಟು ಮೊದಲನೆಯದು. ಕಾಗದದ ಮೇಲೆ ಕೊಂಡಿ ಒತ್ತಲು ಬಾರದು, ಆದ್ದರಿಂದ ವಿಳಾಸವನ್ನು ಬಳಗದ ಫಲಕದಲ್ಲಿ ಬರೆದಿದ್ದೇನೆ. ಅಕ್ಕ ಕಳಿಸಿದ್ದ ಟಿಪ್ಪಣಿ ಇನ್ನೂ ಸಿಕ್ಕಿಲ್ಲ. ಯಾರ ಹಳೇ ಮೊಬೈಲಿನಲ್ಲಾದರೂ ಇದ್ದರೆ ದಯವಿಟ್ಟು ಸೇರಿಸಿ. ಆ ಹುಡುಗಿಯ ಪರೀಕ್ಷೆ ಮುಂದಿನ ತಿಂಗಳು.