ವೇಗ ಮತ್ತು ಮೌನ

ಕ್ರೀಡೆಗೂ ರಾಜಕೀಯಕ್ಕೂ ಗಂಟು ಹಾಕಬಾರದು ಎಂಬ ಮಾತು ನಮ್ಮ ನಡುವೆ ಪದೇ ಪದೇ ಕೇಳಿಬರುತ್ತದೆ. ಆಟಗಾರ ಆಡಲಿ, ಗಾಯಕ ಹಾಡಲಿ, ಅಧಿಕಾರಿ ತನ್ನ ಮುಂದಿರುವ ಕಡತ ನೋಡಲಿ, ಉಳಿದದ್ದು ಅವರಿಗೆ ಸಂಬಂಧಿಸಿದ್ದಲ್ಲ ಎಂಬುದು ಈ ಮಾತಿನ ತಾತ್ಪರ್ಯ. ಕೇಂದ್ರ ಸರ್ಕಾರದ ಸೇವೆಯಲ್ಲಿ ಮೂರು ದಶಕಗಳ ಸಮೀಪ ಕಳೆದ ನಾನೂ ಈ ನಿಲುವಿನ ನೆರಳಿನಲ್ಲಿ ನೆಮ್ಮದಿಯಾಗಿಯೇ ಇದ್ದವನು. ಎರಡು ಮಹಾಯುದ್ಧಗಳ ನಡುವಣ ಜರ್ಮನಿಯ ಮೋಟಾರು ಪಂದ್ಯಗಳ ಇತಿಹಾಸವನ್ನು ಓದಿದ ಮೇಲೆ ಆ ನೆರಳು ಮೊದಲಿನಷ್ಟು ತಂಪಾಗಿ ಉಳಿದಿಲ್ಲ.

1926ರ ಜುಲೈ 11ರಂದು ಬರ್ಲಿನ್‌ನ ಆವುಸ್ ರಸ್ತೆಯಲ್ಲಿ ಮೊದಲ ಜರ್ಮನ್ ಗ್ರ್ಯಾಂಡ್ ಪ್ರೀ ನಡೆಯಿತು. ಮರ್ಸಿಡಿಸ್ ಕಾರುಗಳಲ್ಲಿ ಇಬ್ಬರು ತರುಣರು ಸ್ಪರ್ಧೆಗಿಳಿದಿದ್ದರು. ಒಬ್ಬ ರುಡಾಲ್ಫ್ ಕರಾಚೋಲಾ, ರೈನ್ ತೀರದ ರೆಮಾಗೆನ್ ಊರಿನ ಹೋಟೆಲು ಮಾಲೀಕರ ಮಗ. ಕಾರು ಮಾರುವ ಕೆಲಸದಲ್ಲಿದ್ದವನು. ಇನ್ನೊಬ್ಬ ಅಡಾಲ್ಫ್ ರೋಸೆನ್‌ಬರ್ಗರ್, ಫೋರ್ಜ್‌ಹೈಮ್‌ನ ಯಹೂದಿ ಮನೆತನದವನು. ಆರಂಭದಲ್ಲೇ ಕರಾಚೋಲಾನ ಎಂಜಿನ್ ನಿಂತುಹೋಯಿತು. ಜೊತೆಗಿದ್ದ ಮೆಕ್ಯಾನಿಕ್ ಕೆಳಗಿಳಿದು ಕಾರನ್ನು ತಳ್ಳಬೇಕಾಯಿತು. ಅಷ್ಟರಲ್ಲಿ ಮಳೆ ಬಂತು. ಮುಂದಿದ್ದ ರೋಸೆನ್‌ಬರ್ಗರನ ಕಾರು ಜಾರಿ, ಸಮಯ ಗುರುತಿಸುವವರ ಗೂಡಿಗೆ ಅಪ್ಪಳಿಸಿತು. ಅಲ್ಲಿದ್ದ ಮೂವರು ಸತ್ತರು. ಕರಾಚೋಲಾ ಮಳೆಯಲ್ಲಿಯೇ ಓಡಿಸಿ ಗೆದ್ದ. ಆ ದಿನದಿಂದ ಆತ ಜರ್ಮನರ ಪಾಲಿಗೆ 'ಮಳೆಯ ಒಡೆಯ'ನಾದ.

ಆತನ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಜರ್ಮನ್ ಗ್ರ್ಯಾಂಡ್ ಪ್ರೀಯನ್ನು ಆರು ಬಾರಿ ಗೆದ್ದ. 1931ರಲ್ಲಿ ಇಟಲಿಯ ಮಿಲ್ಲೆ ಮಿಲ್ಯಾ ಪಂದ್ಯ ಗೆದ್ದು, ಆ ಗೌರವ ಪಡೆದ ಮೊದಲ ಪರದೇಶಿಯಾದ. 1933ರಲ್ಲಿ ಮೊನಾಕೋದಲ್ಲಿ ಅಭ್ಯಾಸದ ವೇಳೆ ಕಾರು ಗೋಡೆಗೆ ಬಡಿದು ತೊಡೆಯೆಲುಬು ನುಚ್ಚುನೂರಾಯಿತು. ಬಲಗಾಲು ಶಾಶ್ವತವಾಗಿ ಗಿಡ್ಡವಾಯಿತು. ಮರುವರ್ಷ ಆಲ್ಪ್ಸ್ ಪರ್ವತದ ಹಿಮಕುಸಿತ ಅವನ ಹೆಂಡತಿಯನ್ನು ಬಲಿ ತೆಗೆದುಕೊಂಡಿತು. ಅಂಥ ಮನುಷ್ಯ ನೋವು ನುಂಗಿಕೊಂಡು ಮತ್ತೆ ಚಕ್ರ ಹಿಡಿದು 1935, 1937 ಮತ್ತು 1938ರಲ್ಲಿ ಯುರೋಪಿನ ಚಾಂಪಿಯನ್ ಆದದ್ದು ಸಾಮಾನ್ಯ ಸಾಧನೆಯಲ್ಲ.

ಆದರೆ ಆತ ಮರಳಿ ಬಂದ ಪಂದ್ಯರಂಗ ಹಿಂದಿನದಾಗಿರಲಿಲ್ಲ. 1933ರಲ್ಲಿ ಅಧಿಕಾರಕ್ಕೆ ಬಂದ ಹಿಟ್ಲರನ ಸರ್ಕಾರ ಮರ್ಸಿಡಿಸ್-ಬೆಂಜ್ ಮತ್ತು ಆಟೋ ಯೂನಿಯನ್ ಕಂಪನಿಗಳ ಪಂದ್ಯದ ಕಾರುಗಳಿಗೆ ಬೊಕ್ಕಸದಿಂದ ಅನುದಾನ ಕೊಟ್ಟಿತು. ಚಾಲಕರನ್ನು ಪಕ್ಷದ ಮೋಟಾರು ದಳಕ್ಕೆ ಸೇರಿಸಿಕೊಂಡಿತು. ಬೆಳ್ಳಿ ಬಣ್ಣದ ಕಾರುಗಳ ಪ್ರತಿಯೊಂದು ಗೆಲುವೂ ಆಳ್ವಿಕೆಯ ಗೆಲುವೆಂದು ಸಾರಲಾಯಿತು. ಗೆಲುವಷ್ಟೇ ಅಲ್ಲ, ಸಾವು ಕೂಡ. 1938ರ ಜನವರಿ 28ರಂದು ಫ್ರಾಂಕ್‌ಫರ್ಟ್ ಬಳಿಯ ಹೆದ್ದಾರಿಯಲ್ಲಿ ಕರಾಚೋಲಾ ಗಂಟೆಗೆ 432.7 ಕಿಲೋಮೀಟರ್ ವೇಗದ ದಾಖಲೆ ಮಾಡಿದ. ಅದನ್ನು ಮುರಿಯಲು ಅದೇ ದಿನ ಹೊರಟ ಆಟೋ ಯೂನಿಯನ್‌ನ ಬೆರ್ಂಡ್ ರೋಸ್‌ಮೇಯರ್ ಅಪಘಾತದಲ್ಲಿ ಸತ್ತ. ಸರ್ಕಾರ ಆ ಚಿತೆಯ ಬೆಂಕಿಯಲ್ಲಿಯೂ ಚಳಿ ಕಾಯಿಸಿಕೊಂಡಿತು.

ಇನ್ನು ರೋಸೆನ್‌ಬರ್ಗರ್. 1931ರಲ್ಲಿ ಫರ್ಡಿನಾಂಡ್ ಪೋರ್ಶೆ ಸ್ಟುಟ್‌ಗಾರ್ಟ್‌ನಲ್ಲಿ ವಿನ್ಯಾಸ ಕಚೇರಿ ತೆರೆದಾಗ ಹಣ ಹೂಡಿ ವ್ಯವಹಾರ ನೋಡಿಕೊಂಡ ಪಾಲುದಾರ ಈತ. ಕರಾಚೋಲಾನ ಬದ್ಧಪ್ರತಿಸ್ಪರ್ಧಿಗಳು ಓಡಿಸಿದ ಆಟೋ ಯೂನಿಯನ್ ಕಾರು ರೂಪುಗೊಂಡದ್ದು ಅದೇ ಕಚೇರಿಯಲ್ಲಿ. ಆದರೆ 1933ರ ಆರಂಭದಲ್ಲಿ ಆತ ಅಲ್ಲಿನ ಹೊಣೆ ಬಿಟ್ಟ. 1935ರಲ್ಲಿ ಅವನ ಪಾಲನ್ನು ಮುಖಬೆಲೆಗೆ ಬಿಟ್ಟುಕೊಡಬೇಕಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ, 'ಜನಾಂಗಕ್ಕೆ ಕಳಂಕ' ತಂದನೆಂಬ ಆಪಾದನೆಯ ಮೇಲೆ, ಅವನನ್ನು ಹಿಡಿದು ಕಿಸ್ಲೌ ಶಿಬಿರಕ್ಕೆ ತಳ್ಳಲಾಯಿತು. ಯಹೂದ್ಯಳಲ್ಲದ ಹೆಣ್ಣೊಬ್ಬಳನ್ನು ಪ್ರೀತಿಸಿದ್ದೇ ಆತ ಮಾಡಿದ ತಪ್ಪು. ಅದೇ ಸೆಪ್ಟೆಂಬರ್ 22ರಂದು ಕರಾಚೋಲಾ ಸ್ಪೇನಿನ ಗ್ರ್ಯಾಂಡ್ ಪ್ರೀ ಗೆದ್ದ. ಒಂಬತ್ತು ವರ್ಷಗಳ ಹಿಂದೆ ಒಂದೇ ಮಳೆಯಲ್ಲಿ ನೆನೆದಿದ್ದ ಇಬ್ಬರಲ್ಲಿ ಒಬ್ಬನ ಕೊರಳಿಗೆ ಹಾರ, ಇನ್ನೊಬ್ಬನಿಗೆ ಸೆರೆ. ಬಿಡುಗಡೆಯಾದ ರೋಸೆನ್‌ಬರ್ಗರ್ ದೇಶ ಬಿಟ್ಟು, ಕೊನೆಗೆ ಅಮೆರಿಕ ಸೇರಿ, ಹೆಸರನ್ನೂ ಬದಲಿಸಿಕೊಂಡ. ಯುದ್ಧಾನಂತರ, 1950ರಲ್ಲಿ, ಅವನ ಹಕ್ಕಿನ ವ್ಯಾಜ್ಯ 50,000 ಮಾರ್ಕ್ ಮತ್ತು ಒಂದು ಕಾರಿಗೆ ರಾಜಿಯಾಯಿತು.

ಕರಾಚೋಲಾ ಪರವಾಗಿ ಹೇಳಬಹುದಾದದ್ದು ಇದೆ. ಆತ ನಾಜಿ ಪಕ್ಷದ ಸದಸ್ಯನಾಗಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಮನೆ ಮಾಡಿಕೊಂಡ. ಯುದ್ಧಕಾಲದಲ್ಲಿಯೂ ಅಲ್ಲಿಯೇ ಉಳಿದ. ಕುಂಟುಗಾಲಿನ ವಿಧುರನಿಗೆ ಕಾರು ಬಿಟ್ಟರೆ ಬೇರೆ ಬದುಕು ಎಲ್ಲಿತ್ತು? ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಚಾಲಕನಿಗೆ ಚಾಲನೆಯೊಂದೇ ಗೊತ್ತು ಎಂಬುದನ್ನು ಮಾತ್ರ ಒಪ್ಪಲಾರೆ. 1927ರ ಋತುವನ್ನೇ ಆಳಿದ ಫ್ರಾನ್ಸಿನ ರಾಬರ್ಟ್ ಬೆನ್ವಾ, 1929ರಲ್ಲಿ ಮೊನಾಕೋದ ಮೊದಲ ಗ್ರ್ಯಾಂಡ್ ಪ್ರೀ ಗೆದ್ದ ವಿಲಿಯಂ ಗ್ರೋವರ್-ವಿಲಿಯಮ್ಸ್ ಕೂಡ ಚಾಲಕರೇ. ಆಕ್ರಮಿತ ಫ್ರಾನ್ಸಿನಲ್ಲಿ ಅವರು ಗುಪ್ತವಾಗಿ ನಾಜಿಗಳ ವಿರುದ್ಧ ದುಡಿದರು, ಸೆರೆ ಸಿಕ್ಕರು, ಶಿಬಿರಗಳಲ್ಲಿ ಪ್ರಾಣ ತೆತ್ತರು.

ಎಲ್ಲರೂ ಹುತಾತ್ಮರಾಗಬೇಕೆಂದು ಕೇಳುವ ಹಕ್ಕು ಯಾರಿಗೂ ಇಲ್ಲ, ನನಗಂತೂ ಇಲ್ಲ. ಹಿಂದೊಮ್ಮೆ ನನ್ನ ಸಹೋದ್ಯೋಗಿಯೊಬ್ಬರು ತಮಗೆ ಸರಿಯೆನಿಸದ ಟಿಪ್ಪಣಿಯೊಂದಕ್ಕೆ ಸಹಿ ಹಾಕಲು ಒಪ್ಪದೆ, ವಾರದೊಳಗೆ ದೂರದೂರಿಗೆ ವರ್ಗವಾದರು. ಅವರ ಮೇಜಿಗೆ ಬಂದವನು ನಾನು. ಕೆಲಸವನ್ನು ಚೊಕ್ಕಟವಾಗಿ ಮಾಡಿದೆ, ಮೇಲಿನವರಿಂದ ಶಹಭಾಸ್ ಎನಿಸಿಕೊಂಡೆ. ಅವರಿಗೊಂದು ಕಾಗದ ಬರೆಯಲಿಲ್ಲ. ನಾಜಿ ಜರ್ಮನಿಯ ಘೋರಕ್ಕೂ ಕಚೇರಿಯ ಈ ಸಣ್ಣ ಸಂಗತಿಗೂ ಹೋಲಿಕೆಯಿಲ್ಲ ಎಂಬುದನ್ನು ಬಲ್ಲೆ. ಆದರೆ 'ನಾನು ನನ್ನ ಕೆಲಸ ಮಾಡಿದೆ, ಅಷ್ಟೆ' ಎಂಬ ಸಮಾಧಾನ ಎರಡು ಕಡೆಯೂ ಒಂದೇ.

ಪ್ರತಿಭೆಯನ್ನು ಪ್ರಭುತ್ವ ಬಾಡಿಗೆಗೆ ಪಡೆಯುವುದು ಜರ್ಮನಿಯೊಂದರ ಕಥೆಯಲ್ಲ, ಮುಗಿದ ಕಥೆಯೂ ಅಲ್ಲ. ಗೆದ್ದವನನ್ನು ನಾವು ಮೆಚ್ಚೋಣ; ಕರಾಚೋಲಾನ ಕೈಚಳಕ ಅದಕ್ಕೆ ಅರ್ಹವಾದದ್ದೇ. ಆದರೆ ಚಪ್ಪಾಳೆ ತಟ್ಟುವ ಮುನ್ನ, ನಿನ್ನೆಯವರೆಗೆ ಅವನ ಸಾಲಿನಲ್ಲಿದ್ದವನು ಇಂದೇಕೆ ಇಲ್ಲ ಎಂದು ಕೇಳುವುದನ್ನಾದರೂ ಕಲಿಯೋಣ. ಆ ಪ್ರಶ್ನೆಯನ್ನು ನಾನು ನನ್ನ ಕಚೇರಿಯಲ್ಲಿ ಕೇಳಲಿಲ್ಲ. ಕೇಳಿದ್ದರೆ ನನ್ನ ಸಹೋದ್ಯೋಗಿಗೆ ತಾನು ಒಂಟಿಯಲ್ಲವೆಂಬುದಾದರೂ ತಿಳಿಯುತ್ತಿತ್ತು.