ಉದಾಹರಣೆಯು ಹೇತುವಾಗಲಾರದು

2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಯೆಂದೇ ಪರಿಗಣಿಸಬೇಕೆಂದು ತೀರ್ಪಿತ್ತಿತು. ಸಮಾಜವು ಬೀದಿಗಿಳಿಯಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿದಾಗ ನಾವು ನಿಟ್ಟುಸಿರುಬಿಟ್ಟೆವು. ಆದರೆ ತಡೆಯಾಜ್ಞೆಯು ವಾದದಲ್ಲಿ ಪಡೆದ ಜಯವಲ್ಲ. ನಮ್ಮ ವೇದಿಕೆಗಳಲ್ಲಿ ಅಂದಿನಿಂದ ಇಂದಿನವರೆಗೆ ಕೇಳಿಬರುವ ಸಮರ್ಥನೆಯನ್ನು ನಮ್ಮದೇ ನ್ಯಾಯಶಾಸ್ತ್ರದ ಒರೆಗಲ್ಲಿಗೆ ಹಚ್ಚಿದರೆ ತಲೆತಗ್ಗಿಸಬೇಕಾಗುತ್ತದೆ.

ಆ ಸಮರ್ಥನೆ ಹೀಗಿದೆ: ಸಲ್ಲೇಖನವು ಆತ್ಮಹತ್ಯೆಯಲ್ಲ, ಏಕೆಂದರೆ ಅದು ಪವಿತ್ರ ವ್ರತ, ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳೇ ಇದಕ್ಕೆ ಸಾಕ್ಷಿ.

ಇಲ್ಲಿ ಒಂದೊಂದು ಮಾತೂ ಮಾಡುವ ಕೆಲಸವೇನು? ಮೊದಲನೆಯದು ಪ್ರತಿಜ್ಞೆ, ಅಂದರೆ ಸಾಧಿಸಬೇಕಾದ ಮಾತು. ಎರಡನೆಯದು ಹೇತುವಿನ ವೇಷ ತೊಟ್ಟ ಪ್ರತಿಜ್ಞೆಯೇ. ಪ್ರತಿವಾದಿಯು ಒಪ್ಪದಿರುವುದು ಆ ಪಾವಿತ್ರ್ಯವನ್ನೇ ಅಲ್ಲವೆ? ಮೂರನೆಯದು ಉದಾಹರಣೆ. ಶಾಸನಗಳು ಆಚರಣೆಯ ಪ್ರಾಚೀನತೆಯನ್ನು ತಿಳಿಸುತ್ತವೆ, ನಿರ್ದೋಷತೆಯನ್ನು ಸಾಧಿಸುವುದಿಲ್ಲ. ಪ್ರಾಚೀನವಾದುದೆಲ್ಲ ನಿರ್ದೋಷವೆಂದಾದರೆ ನಮ್ಮ ಆಚಾರ್ಯರು ಯಜ್ಞದ ಪಶುಬಲಿಯನ್ನು ಖಂಡಿಸಿದ್ದೇಕೆ?

ಆಚಾರ್ಯ ಮಾಣಿಕ್ಯನಂದಿಗಳು ಪರೀಕ್ಷಾಮುಖದಲ್ಲಿ ಅನುಮಾನಕ್ಕೆ ಪ್ರತಿಜ್ಞೆ ಮತ್ತು ಹೇತು ಎಂಬ ಎರಡೇ ಅಂಗಗಳನ್ನು ಒಪ್ಪಿದ್ದಾರೆ. ಉದಾಹರಣೆಯು ಶಾಸ್ತ್ರ ಕಲಿಯುವವರ ತಿಳಿವಿಗಾಗಿ ಇರಬಹುದು. ವಾದದಲ್ಲಿ ಅದಕ್ಕೆ ಸ್ಥಾನವಿಲ್ಲ. ಸಾಧ್ಯವನ್ನು ಬಿಟ್ಟು ಇರಲಾರದ್ದೇ ಹೇತು. ಒಬ್ಬಾಕೆಯ ಮಕ್ಕಳೆಲ್ಲರೂ ಕಪ್ಪಗಿರುವುದರಿಂದ ಗರ್ಭದಲ್ಲಿರುವ ಶಿಶುವೂ ಕಪ್ಪಗಿರಲೇಬೇಕೆನ್ನುವುದು ಹೇತ್ವಾಭಾಸವೆಂದು ನಮ್ಮ ನ್ಯಾಯಗ್ರಂಥಗಳು ಕಲಿಸುತ್ತವೆ. ಉದಾಹರಣೆಗಳು ಬೇಕಾದಷ್ಟಿವೆ, ಅವಿನಾಭಾವವಿಲ್ಲ.

ಹಾಗಾದರೆ ನಮ್ಮಲ್ಲಿ ಹೇತುವೇ ಇಲ್ಲವೆ? ಇದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ಸ್ಪಷ್ಟವಾಗಿ ಕೊಟ್ಟಿದ್ದಾರೆ. ಪ್ರಮಾದದಿಂದ ಕೂಡಿದ ಪ್ರಾಣಹರಣವೇ ಹಿಂಸೆ. ರಾಗ, ದ್ವೇಷ, ಮೋಹಗಳಿಗೆ ವಶನಾಗಿ ವಿಷ, ಶಸ್ತ್ರಾದಿಗಳಿಂದ ತನ್ನನ್ನು ಕೊಂದುಕೊಳ್ಳುವವನದು ಆತ್ಮಘಾತ. ಸಲ್ಲೇಖನಧಾರಿಯಲ್ಲಿ ರಾಗಾದಿಗಳಿಲ್ಲ, ಆದುದರಿಂದ ಅದು ಆತ್ಮಘಾತವಲ್ಲ. ಮನೆಗೆ ನಾಶದ ಕಾರಣ ಒದಗಿದಾಗ ಮೊದಲು ಮನೆಯನ್ನೂ, ಅದು ಆಗದಿದ್ದರೆ ಒಳಗಿನ ಸರಕನ್ನೂ ಉಳಿಸಲೆಳಸುವ ವರ್ತಕನ ದೃಷ್ಟಾಂತವನ್ನೂ ಅವರು ಹೇಳುತ್ತಾರೆ. ಆದರೆ ಭಾರವನ್ನು ಹೊರುವುದು ಹೇತುವೇ. ನ್ಯಾಯಾಧೀಶರು ಈ ಲಕ್ಷಣವನ್ನು ಒಪ್ಪದಿರಬಹುದು. ಆಗಲಾದರೂ ಚರ್ಚೆ ನಡೆಯಬೇಕಾದ ಸ್ಥಳದಲ್ಲಿಯೇ ನಡೆದೀತು.

ಇಂಥ ಹೇತುವನ್ನು ಮರೆತು ನಾವು ಶಾಸನಗಳಿಗೇಕೆ ಮೊರೆಹೋಗುತ್ತೇವೆ? ಉದಾಹರಣೆಯು ನಮ್ಮಿಂದ ಏನನ್ನೂ ಕೇಳುವುದಿಲ್ಲ. ಹೇತುವು ನಮ್ಮನ್ನೂ ಕಟ್ಟಿಹಾಕುತ್ತದೆ. ರಾಗಾದಿಗಳ ಅಭಾವವೇ ಹೇತುವಾದರೆ, ಮನೆಯವರ ಒತ್ತಾಯದಿಂದಲೋ ಬದುಕಿನ ಬೇಸರದಿಂದಲೋ ಕೀರ್ತಿಯ ಆಸೆಯಿಂದಲೋ ಅನ್ನ ಬಿಟ್ಟವರದು ಸಲ್ಲೇಖನವಾಗದು. ಸಮಂತಭದ್ರರು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳನ್ನು ಮಾತ್ರ ಹೇಳಿದ್ದಾರೆ. ಅಂಥ ಕಾರಣವಿಲ್ಲದ ವ್ರತಕ್ಕೆ, ಮೆರವಣಿಗೆಯ ಸಿದ್ಧತೆ ಮುಗಿದಿದ್ದರೂ, "ಬೇಡ" ಎನ್ನುವ ಧೈರ್ಯ ನಮ್ಮ ಬಸದಿಗಳ ಆಡಳಿತ ಮಂಡಳಿಗಳಿಗೆ ಇದೆಯೆ?

ಶ್ರಾವಕ ಬಂಧುಗಳೇ, ಪಾಠಶಾಲೆಗಳಲ್ಲಿ ಮಕ್ಕಳಿಗೆ ಶಾಸನಗಳ ಹಿರಿಮೆಯನ್ನು ಅಗತ್ಯವಾಗಿ ಹೇಳೋಣ. ಜೊತೆಗೆ, ಆಡಿದ ಪ್ರತಿಯೊಂದು ಮಾತೂ ಪ್ರತಿಜ್ಞೆಯೋ ಹೇತುವೋ ಉದಾಹರಣೆಯೋ ಎಂದು ಕೇಳುವುದನ್ನೂ ಕಲಿಸೋಣ. ಹೇತುವನ್ನು ಬಲ್ಲವನು ನ್ಯಾಯಾಲಯದಲ್ಲಿ ವ್ರತವನ್ನು ಕಾಯಬಲ್ಲ; ಮನೆಯಲ್ಲಿ ಅದು ಕೆಡದಂತೆಯೂ ನೋಡಿಕೊಳ್ಳಬಲ್ಲ.